ಗಾಳಿಯಲ್ಲಿ ಜೊತೆ, ಗುಡ್ಡದಲ್ಲಿ ಒಂಟಿ

ಆಷಾಢದಲ್ಲಿ ನಮ್ಮ ಬಯಲುಸೀಮೆಯ ಮೇಲೆ ಬೀಸುವ ಪಡುವಣ ಗಾಳಿಯ ಪರಿಚಯ ಬೈಸಿಕಲ್ ಸವಾರನಿಗಿರುವಷ್ಟು ಮತ್ತಾರಿಗೂ ಇರಲಾರದು. ಬಸ್ಸಿನಲ್ಲಿ ಕುಳಿತವನಿಗೆ ಅದು ಕಿಟಕಿಯ ಹೊರಗೆ ತೂಗುವ ನೀಲಗಿರಿ ಮರಗಳ ಸಾಲು ಮಾತ್ರ. ಸವಾರನಿಗೋ ಅದು ಎದೆಗೆ ಕೈಕೊಟ್ಟು ಹಿಂದಕ್ಕೆ ತಳ್ಳುವ ಜಟ್ಟಿ. ಇಂಥ ದಿನಗಳಲ್ಲಿ ಹತ್ತು ಹನ್ನೆರಡು ಮಂದಿ ವಿದ್ಯಾರ್ಥಿಗಳು ಕೂಡಿ, ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ನಂದಿಬೆಟ್ಟಕ್ಕೆ ಬೈಸಿಕಲ್ಲುಗಳಲ್ಲಿ ಹೊರಟರೆನ್ನೋಣ. ಅವರಲ್ಲಿ ಇಬ್ಬರು ಗಟ್ಟಿಗರು, ಒಬ್ಬ ಅಶಕ್ತ, ಉಳಿದವರು ನಮ್ಮ ನಿಮ್ಮಂಥವರು. ಎಲ್ಲರೂ ಬೆಟ್ಟದ ಬುಡವನ್ನು ಒಟ್ಟಿಗೆ ಸೇರುವರೇ, ಅಥವಾ ಆ ಒಬ್ಬನು ದೇವನಹಳ್ಳಿಯ ಆಚೆ ಎಲ್ಲಿಯೋ ಒಂಟಿಯಾಗಿ ಹಿಂದುಳಿಯುವನೇ? ಇದನ್ನು ನಿರ್ಣಯಿಸುವುದು ಕಾಲಿನ ಬಲವೊಂದೇ ಅಲ್ಲ. ಯಾರು ಯಾರ ಹಿಂದೆ, ಎಷ್ಟು ಅಂತರದಲ್ಲಿ ಸಾಗುತ್ತಾರೆಂಬುದೂ ಹೌದು.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಸವಾರನೂ ಬೈಸಿಕಲ್ಲೂ ಸೇರಿ 80 ಕಿಲೋಗ್ರಾಂ ತೂಕವೆಂದಿಟ್ಟುಕೊಳ್ಳಿ. ಗಾಳಿಯಿಲ್ಲದ ಹೊತ್ತಿನಲ್ಲಿ, ಸಮತಟ್ಟಾದ ರಸ್ತೆಯಲ್ಲಿ, ಗಂಟೆಗೆ 25 ಕಿಲೋಮೀಟರ್ ವೇಗದಿಂದ ಸಾಗಲು ಅವನಿಗೆ ಬೇಕಾಗುವ ಸಾಮರ್ಥ್ಯ ಸುಮಾರು 105 ವಾಟ್. ಇದರಲ್ಲಿ ಟಯರುಗಳ ಉರುಳುವಿಕೆಗೆ ಸಲ್ಲುವುದು ಮೂರನೆಯ ಒಂದು ಪಾಲಿಗಿಂತ ಕಡಿಮೆ. ಉಳಿದುದೆಲ್ಲವೂ ಮುಂದಿರುವ ಗಾಳಿಯನ್ನು ಸರಿಸಿ ದಾರಿ ಮಾಡಿಕೊಳ್ಳುವುದಕ್ಕೇ ವೆಚ್ಚವಾಗುತ್ತದೆ. ಈಗ ಎದುರಿನಿಂದ ಗಂಟೆಗೆ 15 ಕಿಲೋಮೀಟರ್ ವೇಗದ ಗಾಳಿ ಬೀಸತೊಡಗಿತೆನ್ನಿ. ಮೈಗೆ ತಾಗುವ ಗಾಳಿಯ ವೇಗ 25 ಇದ್ದದ್ದು 40 ಆಯಿತು. ಆದರೆ ವಾಯುರೋಧವು ಈ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಅದು ಮೊದಲಿನ ಎರಡೂವರೆ ಪಟ್ಟಾಗುತ್ತದೆ. ಮೊದಲಿನ ವೇಗವನ್ನೇ ಕಾಯ್ದುಕೊಳ್ಳಬೇಕಾದರೆ ಸುಮಾರು 215 ವಾಟ್ ಬೇಕು. ಅಭ್ಯಾಸವಿಲ್ಲದ ವಿದ್ಯಾರ್ಥಿ ಇಷ್ಟನ್ನು ಬಹಳ ಹೊತ್ತು ಒದಗಿಸಲಾರ. 105 ವಾಟಿಗೇ ನಿಂತರೆ ಅವನ ವೇಗ ಗಂಟೆಗೆ 17 ಕಿಲೋಮೀಟರಿಗೆ ಇಳಿಯುತ್ತದೆ.

ಹೋಗುವಾಗ ಎದುರಾದ ಗಾಳಿ ಬರುವಾಗ ಬೆನ್ನು ತಟ್ಟುವುದಲ್ಲವೇ ಎಂದು ನೀವು ಕೇಳಬಹುದು. ತಟ್ಟುವುದೇನೋ ನಿಜ, ಅದೇ 105 ವಾಟಿಗೆ ಆಗ 34 ಕಿಲೋಮೀಟರ್ ವೇಗ ದೊರೆಯುತ್ತದೆ. ಆದರೂ 30 ಕಿಲೋಮೀಟರ್ ಹೋಗಿ ಹಿಂದಿರುಗಿದವನು, ಗಾಳಿಯೇ ಇಲ್ಲದ ದಿನಕ್ಕಿಂತ ಸುಮಾರು ಕಾಲು ಗಂಟೆ ತಡವಾಗಿ ಮನೆ ಸೇರುತ್ತಾನೆ. ಎದುರುಗಾಳಿಯಲ್ಲಿ ನಿಧಾನವಾಗಿ ಸಾಗುವುದರಿಂದ ಅದರ ಕೈಯಲ್ಲಿ ಸಿಕ್ಕಿರುವ ಕಾಲವೇ ಹೆಚ್ಚು. ಗಾಳಿ ಪಡೆದ ಸಾಲವನ್ನು ಪೂರ್ತಿಯಾಗಿ ತೀರಿಸುವ ಪೈಕಿಯಲ್ಲ.

ತಂಡದ ಉಪಯೋಗ ಕಾಣುವುದು ಇಲ್ಲಿಯೇ. ಮುಂದಿನ ಸವಾರ ಗಾಳಿಯನ್ನು ಸೀಳಿದಾಗ ಅವನ ಬೆನ್ನ ಹಿಂದೆ ಗಾಳಿಯ ಒತ್ತಡ ತಗ್ಗಿದ, ಸುಳಿಗಳಿಂದ ಕದಡಿದ ಒಂದು ಮರೆ ಉಂಟಾಗುತ್ತದೆ. ಅದರಲ್ಲಿ ನುಸುಳಿಕೊಂಡು ಬರುವವನ ಶ್ರಮ ಬಹಳ ಕಡಿಮೆ. ಅಮೆರಿಕದ ಚೆಸ್ಟರ್ ಕೈಲ್ ಎಂಬವರು 1979ರಲ್ಲಿ ಪ್ರಕಟಿಸಿದ ಅಳತೆಗಳಂತೆ, ಪಂದ್ಯದ ವೇಗಗಳಲ್ಲಿ ಹೀಗೆ ಹಿಂಬಾಲಿಸುವವನಿಗೆ ಮೂರನೆಯ ಒಂದು ಪಾಲಿನಷ್ಟು ಉಳಿತಾಯವಾಗುತ್ತದೆ. ನಮ್ಮ ಲೆಕ್ಕದಲ್ಲಿ 215 ವಾಟಿನ ಕೆಲಸ 150ಕ್ಕೆ ಸಮೀಪವಾಗುತ್ತದೆ. ಆದುದರಿಂದಲೇ ಅನುಭವಿಗಳು ಒಬ್ಬೊಬ್ಬರೂ ಎರಡು ಮೂರು ನಿಮಿಷ ಮುಂದೆ ನಿಂತು ಗಾಳಿಯನ್ನು ಹೊತ್ತು, ಬಳಿಕ ಸಾಲಿನ ಕೊನೆಗೆ ಸರಿಯುತ್ತಾರೆ.

ಆದರೆ ಈ ಮರೆ ಬಹಳ ಗಿಡ್ಡದು. ಹಿಂದೆ ಬಿದ್ದಷ್ಟೂ ಕ್ಷೀಣಿಸುತ್ತದೆ. ಅಶಕ್ತನು ಒಂದು ತಿರುವಿನಲ್ಲಿ ಕೆಲವು ಮೀಟರು ಹಿಂದೆ ಬಿದ್ದನೆನ್ನಿ. ಆ ಕ್ಷಣದಿಂದ ಅವನಿಗೆ ಬೇಕಾದುದು 150 ವಾಟಲ್ಲ, ಅದಕ್ಕಿಂತ ಬಹಳ ಹೆಚ್ಚು, ಅದು ಅವನಲ್ಲಿಲ್ಲ. ಅಂತರ ತಾನೇ ತಾನಾಗಿ ಬೆಳೆಯುತ್ತದೆ. ಐದೇ ನಿಮಿಷದಲ್ಲಿ ತಂಡ ಕಣ್ಮರೆ! ಮುಂದಿರುವವರಿಗೆ ಇದು ಅವನ ಸೋಮಾರಿತನವೆಂದು ತೋರುವುದು ಅನ್ಯಾಯ. ಅವನನ್ನು ಗಾಳಿಯ ಬಾಯಿಗೂ ಒಡ್ಡಬಾರದು, ಸಾಲಿನ ಬಾಲದಲ್ಲಿಯೂ ಬಿಡಬಾರದು. ಮುಂದಿನವರು ಮಾಡುವ ಸಣ್ಣ ಸಣ್ಣ ವೇಗಬದಲಾವಣೆಗಳೆಲ್ಲ ಬಾಲದಲ್ಲಿ ದೊಡ್ಡ ಜಗ್ಗಾಟಗಳಾಗುತ್ತವೆ. ಮೂರನೆಯವನಾಗಿಯೋ ನಾಲ್ಕನೆಯವನಾಗಿಯೋ ಇರಿಸಿ, ಗಟ್ಟಿಗನೊಬ್ಬನು ಕೊನೆಯಲ್ಲಿರುವುದು ಲೇಸು.

ಇಷ್ಟು ಎದುರುಗಾಳಿಯ ಮಾತಾಯಿತು. ಬೆಂಗಳೂರಿನಿಂದ ನಂದಿಗೆ ಹೋಗುವ ದಾರಿಯಾದರೋ ಹೆಚ್ಚುಕಡಿಮೆ ಉತ್ತರಕ್ಕಿದೆ, ಗಾಳಿ ಪಡುವಣದ್ದು. ಎಂದರೆ ಅದು ಎಡಮಗ್ಗುಲಿನಿಂದ ಬಡಿಯುತ್ತದೆ. ಆಗ ಮರೆ ಮುಂದಿನವನ ನೇರ ಹಿಂದೆ ಇರುವುದಿಲ್ಲ. ಬಲಕ್ಕೆ ಓರೆಯಾಗಿ ಸರಿದಿರುತ್ತದೆ. ಯುರೋಪಿನ ಪಂದ್ಯಗಳಲ್ಲಿ ಸವಾರರು ರಸ್ತೆಯಗಲಕ್ಕೂ ಬೆಳ್ಳಕ್ಕಿಗಳ ಸಾಲಿನಂತೆ ಓರೆಯಾಗಿ ಹರಡಿಕೊಳ್ಳುವುದು ಈ ಕಾರಣದಿಂದ. ಅಲ್ಲಿ ರಸ್ತೆಯನ್ನು ಪಂದ್ಯಕ್ಕೆಂದೇ ಬಿಟ್ಟುಕೊಟ್ಟಿರುತ್ತಾರೆ. ಎಡಬದಿಯಲ್ಲಿ ಸಂಚರಿಸುವ ನಮ್ಮಲ್ಲಿ ಬಲಕ್ಕೆ ಸರಿಯುವುದೆಂದರೆ ಲಾರಿಗಳ ಹಾದಿಗೆ ಇಳಿಯುವುದು. ಸಾಲದುದಕ್ಕೆ, ಓರೆಯಾಗಿ ನಿಂತಾಗ ಒಬ್ಬನ ಮುಂಗಾಲಿ ಇನ್ನೊಬ್ಬನ ಹಿಂಗಾಲಿಯ ಪಕ್ಕಕ್ಕೆ ಬರುತ್ತದೆ. ಅವೆರಡೂ ತಾಗಿದರೆ ಹಿಂದಿನವನು ಉರುಳುವುದು ನಿಶ್ಚಯ. ಹೋಗುವಾಗ ಈ ಮರೆಯ ಆಸೆಯನ್ನು ಬಿಟ್ಟು, ನೆಲ ಕಾದು ಗಾಳಿ ಬಲಿಯುವ ಮುನ್ನ, ನಸುಕಿನಲ್ಲೇ ಹೊರಡುವುದು ಜಾಣತನ.

ಬೆಟ್ಟದ ಬುಡದಲ್ಲಿ ಈ ಶಾಸ್ತ್ರವೆಲ್ಲ ತಲೆಕೆಳಗಾಗುತ್ತದೆ. ನಂದಿಯ ಶಿಖರ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಬುಡದಿಂದ ಏರಬೇಕಾದುದು 400 ಮೀಟರಿನಷ್ಟು. ನೂರು ಮೀಟರಿಗೆ ಆರು ಮೀಟರ್ ಏರುವ ದಾರಿಯಲ್ಲಿ, 100 ವಾಟ್ ವ್ಯಯಿಸುವ ನಮ್ಮ ಸವಾರನ ವೇಗ ಗಂಟೆಗೆ 7 ಕಿಲೋಮೀಟರ್ ಮಾತ್ರ. ಈ ವೇಗದಲ್ಲಿ ವಾಯುರೋಧ ನೂರಕ್ಕೆ ಎರಡು ಪಾಲೂ ಇಲ್ಲ. ಉಳಿದುದೆಲ್ಲ ಬಹುತೇಕ ಭೂಮಿಯ ಸೆಳೆತ. ಗಾಳಿಗೆ ಅಡ್ಡ ನಿಲ್ಲಬಹುದು, ಗುರುತ್ವಕ್ಕೆ ಯಾರು ಅಡ್ಡ ನಿಂತಾರು? ಇಲ್ಲಿ ಗೆಳೆಯನ ಬೆನ್ನು ಹಿಡಿದು ಪ್ರಯೋಜನವಿಲ್ಲ, ಅವನಿಗಾಗಿ ನಿಧಾನಿಸಿಯೂ ಪ್ರಯೋಜನವಿಲ್ಲ. ಪ್ರತಿಯೊಬ್ಬನೂ ತನ್ನ ಉಸಿರಿಗೆ ತಕ್ಕಂತೆ ಏರಿ, ಮೇಲೆ ಕಾಯಬೇಕು.

ಗೇರುಗಳಿಲ್ಲದ ಸಾಧಾರಣ ಬೈಸಿಕಲ್ಲು ಪೆಡಲಿನ ಒಂದು ಸುತ್ತಿಗೆ ಸುಮಾರು 5 ಮೀಟರ್ ಸಾಗುತ್ತದೆ. ಮೇಲಿನ ವೇಗಕ್ಕೆ ನಿಮಿಷಕ್ಕೆ 23 ಸುತ್ತುಗಳಾದವು. ಅಷ್ಟು ನಿಧಾನವಾಗಿ ತುಳಿಯುವಾಗ ಒಂದೊಂದು ತುಳಿತಕ್ಕೂ ಮೈಭಾರವನ್ನೆಲ್ಲ ಹಾಕಬೇಕಾಗುತ್ತದೆ. ಇಳಿದು ತಳ್ಳಿಕೊಂಡು ಹೋಗುವವನನ್ನು ನಗುವವರು ಅವನ ಹಲ್ಲುಚಕ್ರವನ್ನು ಮೊದಲು ಎಣಿಸಲಿ! ಒಂದು ಸುತ್ತಿಗೆ 2 ಮೀಟರ್ ಮಾತ್ರ ಸಾಗುವ ಗೇರಿದ್ದರೆ ಅದೇ ಸವಾರ ಕುಳಿತೇ ಏರಿಯಾನು. ಅಂದಹಾಗೆ, 80 ಕಿಲೋಗ್ರಾಮನ್ನು 400 ಮೀಟರ್ ಎತ್ತುವ ಕಾರ್ಯ ಸುಮಾರು 75 ಕಿಲೋಕ್ಯಾಲರಿ. ಸ್ನಾಯುಗಳ ದಕ್ಷತೆ ನಾಲ್ಕನೆಯ ಒಂದು ಪಾಲಿನಷ್ಟೇ ಆದ್ದರಿಂದ ದೇಹ ವ್ಯಯಿಸುವುದು 300. ನಾಲ್ಕೈದು ಇಡ್ಲಿಗಳ ಬೆಲೆ.

ಇಳಿಯುವಾಗ ಈ ಶಕ್ತಿಯೆಲ್ಲ ಮರಳಿ ಬರುತ್ತದೆ. ಬ್ರೇಕು ಮುಟ್ಟದಿದ್ದರೆ ಅದೇ ಇಳಿಜಾರಿನಲ್ಲಿ ವೇಗ ಗಂಟೆಗೆ 50 ಕಿಲೋಮೀಟರ್ ತಲುಪಬಲ್ಲುದು. ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ 25ರಲ್ಲಿ ಬೇಕಾದುದರ ನಾಲ್ಕು ಪಟ್ಟು. ಇಲ್ಲಿ ಗುಂಪುಗೂಡುವುದು ಅಪಾಯಕರ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ತಿರುವಿನಷ್ಟಾದರೂ ಅಂತರವಿರಲಿ. ಬಯಲಿಗಿಳಿದ ಬಳಿಕ ಎಲ್ಲರೂ ಮತ್ತೆ ಸೇರಿ ಸಾಲುಗಟ್ಟಬಹುದು. ಆ ಹೊತ್ತಿಗೆ ಗಾಳಿ ಬಲಿತಿರುತ್ತದೆ, ಆದರೆ ಈಗ ಅದು ಬಲಗಡೆಯಿಂದ ಬೀಸುತ್ತದೆ. ಮರೆಯು ರಸ್ತೆಯಂಚಿನ ಕಡೆಗೆ, ಎಡಕ್ಕೆ ಬಿದ್ದಿರುತ್ತದೆ. ದಣಿದವನಿಗೆ ಆ ಜಾಗವನ್ನು ಬಿಟ್ಟುಕೊಟ್ಟು, ಚಕ್ರಗಳು ಒಂದರ ಪಕ್ಕಕ್ಕೊಂದು ಬಾರದಂತೆ ನೋಡಿಕೊಂಡು, ಗಟ್ಟಿಗರಿಬ್ಬರೂ ಸರದಿಯ ಮೇಲೆ ಗಾಳಿಯನ್ನು ಹೊತ್ತರೆ ಮಧ್ಯಾಹ್ನದ ಊಟದ ಹೊತ್ತಿಗೆ ಊರು ಸೇರಬಹುದು.