ಎರಿ ಕಾಲುವೆಯೂ ಗೋಧಿಯ ಬೆಲೆಯೂ

ಕೆಸರುದಾರಿಯಲ್ಲಿ ಒಂದು ಟನ್ನು ಗೋಧಿ ಹೇರಿದ ಬಂಡಿಯನ್ನೆಳೆಯಲು ಎರಡು ಕುದುರೆಗಳು ಏದುಸಿರು ಬಿಡುತ್ತವೆ. ಅವೇ ಕುದುರೆಗಳು ದಡದ ಮೇಲೆ ನಡೆಯುತ್ತ, ನಿಂತ ನೀರಿನಲ್ಲಿ ತೇಲುವ ಮೂವತ್ತು ಟನ್ನಿನ ದೋಣಿಯನ್ನು ಎಳೆದೊಯ್ಯಬಲ್ಲವು. ಕಾರಣವೇನು? ಗಾಲಿಯು ಕೆಸರಿನಲ್ಲಿ ಹೂತು, ಮಣ್ಣನ್ನು ಒತ್ತಿಕೊಂಡೇ ಮುಂದುವರಿಯಬೇಕು. ನೀರಿನ ಪ್ರತಿರೋಧವಾದರೋ, ವೇಗವು ಅರ್ಧಕ್ಕಿಳಿದರೆ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಆತುರವಿಲ್ಲದವನಿಗೆ ಇದಕ್ಕಿಂತ ಅಗ್ಗದ ಹಾದಿಯಿಲ್ಲ. ಈ ಸರಳ ತತ್ತ್ವವು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಆರ್ಥಿಕ ಜೀವನವನ್ನು ಹೇಗೆ ಮಾರ್ಪಡಿಸಿತೆಂಬುದನ್ನು ನೋಡೋಣ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಪಲೇಷಿಯನ್ ಬೆಟ್ಟಗಳ ಪಶ್ಚಿಮಕ್ಕೆ ನೆಲಸಿದ ರೈತನಿಗೆ ಭೂಮಿಯಿತ್ತು, ಬೆಳೆಯಿತ್ತು. ಪೇಟೆ ಮಾತ್ರ ದೂರ. ಬಫೆಲೋದಿಂದ ನ್ಯೂಯಾರ್ಕಿಗೆ ಒಂದು ಟನ್ನು ಸರಕು ಸಾಗಿಸಲು ಸುಮಾರು 100 ಡಾಲರು ಬೇಕಾಗುತ್ತಿತ್ತು. ಗೋಧಿಯ ಬೆಲೆಯನ್ನೆಲ್ಲ ದಾರಿಯೇ ನುಂಗುತ್ತಿತ್ತು. ಆದುದರಿಂದ ಅನೇಕರು ಧಾನ್ಯವನ್ನು ವಿಸ್ಕಿಯಾಗಿ ಭಟ್ಟಿಯಿಳಿಸಿ ಕಳುಹಿಸುತ್ತಿದ್ದರು. ಭಾರ ಕಡಮೆ, ಬೆಲೆ ಹೆಚ್ಚು!

1817ರಲ್ಲಿ ಗವರ್ನರ್ ಡಿ ವಿಟ್ ಕ್ಲಿಂಟನ್ನನ ಒತ್ತಾಸೆಯಿಂದ ನ್ಯೂಯಾರ್ಕ್ ಸಂಸ್ಥಾನವು ಎರಿ ಸರೋವರದಿಂದ ಹಡ್ಸನ್ ನದಿಯವರೆಗೆ 363 ಮೈಲಿ ಉದ್ದದ, 40 ಅಡಿ ಅಗಲದ, ಕೇವಲ 4 ಅಡಿ ಆಳದ ಕಾಲುವೆಯನ್ನು ತೋಡಲಾರಂಭಿಸಿತು. 'ಕ್ಲಿಂಟನ್ನನ ಚರಂಡಿ' ಎಂದು ಜನ ನಕ್ಕರು. ನುರಿತ ಇಂಜಿನಿಯರುಗಳೇ ವಿರಳ. ಮುಂದಾಳುಗಳಾದ ರೈಟ್ ಮತ್ತು ಗೆಡ್ಡೆಸ್ ಭೂಮಾಪನ ಬಲ್ಲ ನ್ಯಾಯಾಧೀಶರು! ಸರೋವರವಾದರೋ ನದಿಗಿಂತ 500 ಅಡಿಗೂ ಹೆಚ್ಚು ಎತ್ತರದಲ್ಲಿದೆ. ಈ ಹಾದಿಗೆ 83 'ಲಾಕ್'ಗಳೆಂಬ ನೀರಿನ ಮೆಟ್ಟಿಲುಗಳು ಬೇಕಾದವು. ಲಾಕ್ ಎಂದರೆ ಎರಡು ತುದಿಗಳಲ್ಲಿಯೂ ಬಾಗಿಲುಳ್ಳ ಕಲ್ಲಿನ ತೊಟ್ಟಿ. ಮೇಲೇರಬೇಕಾದ ದೋಣಿ ಒಳಹೊಕ್ಕೊಡನೆ ಕೆಳಬಾಗಿಲನ್ನು ಮುಚ್ಚಿ, ಮೇಲ್ಗಡೆಯ ನೀರನ್ನು ಬಿಡುತ್ತಾರೆ. ಮಟ್ಟವೇರಿದಂತೆ ದೋಣಿಯೂ ಏರುತ್ತದೆ. ಪಂಪು ಬೇಕಿಲ್ಲ, ಗುರುತ್ವಾಕರ್ಷಣೆಯೇ ಕೂಲಿಯಾಳು. ಆದರೆ ಕಲ್ಲುಗಳನ್ನು ಬೆಸೆಯಲು ನೀರಿನೊಳಗೂ ಗಟ್ಟಿಯಾಗುವ ಗಾರೆ ಬೇಕಲ್ಲವೆ? ಕಾನ್ವಾಸ್ ವೈಟ್ ಎಂಬ ತರುಣನು ಬ್ರಿಟನ್ನಿನ ಕಾಲುವೆಗಳ ದಡದಲ್ಲಿ ನೂರಾರು ಮೈಲಿ ನಡೆದು, ಅವುಗಳ ರಚನೆಯನ್ನು ಅಭ್ಯಸಿಸಿ ಬಂದನು. ಕೊನೆಗೆ ಅಂಥ ಗಾರೆಗೆ ತಕ್ಕ ಸುಣ್ಣಕಲ್ಲು ಅವರ ಕಾಲುವೆಯ ಹಾದಿಯ ಬಳಿಯಲ್ಲಿಯೇ ದೊರಕಿತು. ಇಡೀ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವಿದು.

1825ರಲ್ಲಿ ಕಾಲುವೆ ಪೂರ್ಣಗೊಂಡಿತು. ಟನ್ನಿನ ಸಾಗಾಣಿಕೆ ವೆಚ್ಚ 10 ಡಾಲರಿನ ಆಸುಪಾಸಿಗೆ ಇಳಿಯಿತು. ಪಶ್ಚಿಮದ ಅಗ್ಗದ ಗೋಧಿಯೊಡನೆ ನ್ಯೂ ಇಂಗ್ಲೆಂಡಿನ ಕಲ್ಲುನೆಲದ ರೈತರು ಸ್ಪರ್ಧಿಸಲಾರದೆ ಹೋದರು. ಅಂಥ ಮನೆಗಳ ಹೆಣ್ಣುಮಕ್ಕಳು ಅನೇಕರು ಲೋವೆಲ್ ಪಟ್ಟಣದ ಬಟ್ಟೆಗಿರಣಿಗಳನ್ನು ಸೇರಿದರು. ಅತ್ತ ಪಶ್ಚಿಮದಲ್ಲಿ, ಪೇಟೆ ಕೈಗೆಟಕಿದ ಮೇಲೆ, ಹೆಚ್ಚು ಬಿತ್ತುವ ಹಂಬಲ ಬೆಳೆಯಿತು. ಇಲಿನಾಯ್ ಬಯಲಿನ ಜಿಗುಟುಮಣ್ಣಿಗೆಂದು ಜಾನ್ ಡೀರ್ 1837ರಲ್ಲಿ ಉಕ್ಕಿನ ನೇಗಿಲನ್ನು ಮಾಡಿದನು. ಮಕಾರ್ಮಿಕ್ 1847ರಲ್ಲಿ ತನ್ನ ಕಟಾವು ಯಂತ್ರದ ಕಾರ್ಖಾನೆಯನ್ನು ಶಿಕಾಗೋದಲ್ಲಿ ಹೂಡಿದನು.

ಲೆಕ್ಕದ ಇನ್ನೊಂದು ಪುಟವೂ ಉಂಟು. ಕಾಲುವೆ ಹಾದುಹೋದ ನೆಲ ಬಹುಪಾಲು ಇರೋಕ್ವಾ ಒಕ್ಕೂಟದ ಜನರದಾಗಿತ್ತು. ಅದನ್ನು ಅವರಿಂದ ಕಸಿದುಕೊಳ್ಳಲಾಗಿತ್ತು. ಲೋವೆಲ್ಲಿನ ಗಿರಣಿಗಳು ನೂತ ಹತ್ತಿ ದಕ್ಷಿಣದ ಗುಲಾಮರು ಬಿಡಿಸಿದ್ದು. 1794ರಲ್ಲಿ ಎಲಿ ವಿಟ್ನಿ ಪೇಟೆಂಟ್ ಪಡೆದ ಜಿನ್ ಯಂತ್ರವು ಹತ್ತಿಯಿಂದ ಬೀಜ ಬೇರ್ಪಡಿಸುವ ದುಡಿಮೆಯನ್ನು ತಗ್ಗಿಸಿತೇ ಹೊರತು, ಹೊಲದಲ್ಲಿ ಬಿಡಿಸುವ ದುಡಿಮೆಯನ್ನಲ್ಲ. ಹತ್ತಿಯ ಹೊಲಗಳು ಹರಡಿದಂತೆಲ್ಲ ಕೈಗಳು ಬೇಕಾದವು. 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ರ ವೇಳೆಗೆ 40 ಲಕ್ಷದ ಸಮೀಪಕ್ಕೆ ಬಂದಿತು.