ಮಿಸ್ತೇರ್-20: ಲಿಂಡ್‌ಬರ್ಗ್ ಮೆಚ್ಚಿದ ಹಕ್ಕಿ

ವಿಮಾನವೊಂದರ ಯೋಗ್ಯತೆಯನ್ನು ಅದರ ನಿಲುವಿನಿಂದಲೇ ಗ್ರಹಿಸುವ ದೃಷ್ಟಿ ಆಕಾಶದೊಡನೆ ಬಹುಕಾಲ ಬಾಳಿದವರಿಗೆ ಮಾತ್ರ ಸಿದ್ಧಿಸತಕ್ಕದ್ದು. 1927ರಲ್ಲಿ ಏಕಾಕಿಯಾಗಿ, 33 ಗಂಟೆಗಳಿಗೂ ಮಿಕ್ಕ ಕಾಲ ನಿದ್ರೆಯೊಡನೆ ಸೆಣಸುತ್ತ, ನ್ಯೂಯಾರ್ಕಿನಿಂದ ಅಟ್ಲಾಂಟಿಕ್ ಮಹಾಸಾಗರವನ್ನು ದಾಟಿ ಪ್ಯಾರಿಸ್ಸಿನಲ್ಲಿಳಿದ ಚಾರ್ಲ್ಸ್ ಲಿಂಡ್‌ಬರ್ಗ್ ಅಂಥ ದೃಷ್ಟಿಯುಳ್ಳವರು. ಅಮೆರಿಕದ ಉದ್ಯಮಿಗಳಿಗೆ ಮಾರಲು ತಕ್ಕ ಸಣ್ಣ ಜೆಟ್ ಒಂದನ್ನು ಅರಸುತ್ತಿದ್ದ ಪ್ಯಾನ್ ಆಮ್ ವಿಮಾನಯಾನ ಸಂಸ್ಥೆಯ ತಾಂತ್ರಿಕ ಸಲಹೆಗಾರರಾಗಿ 1963ರಲ್ಲಿ ಅವರು ಫ್ರಾನ್ಸಿನ ಬೋರ್ದೋ ನಗರಕ್ಕೆ ಬಂದು, ಡಸೋ ಕಾರ್ಖಾನೆಯ ಮಿಸ್ತೇರ್-20 ವಿಮಾನವನ್ನು ಕಂಡು, ತಮಗೆ ಬೇಕಾದ ಹಕ್ಕಿ ದೊರೆಯಿತೆಂದು ಸಂಸ್ಥೆಯ ಮುಖ್ಯಸ್ಥ ಹ್ವಾನ್ ಟ್ರಿಪ್ ಅವರಿಗೆ ತಂತಿ ಕಳುಹಿಸಿದರು. ಆ ವರ್ಷದ ಮೇ 4ರಂದು ಪೈಲಟ್ ರೆನೆ ಬಿಗಾಂ ಅದನ್ನು ಮೊದಲ ಬಾರಿ ಹಾರಿಸಿದ್ದರು. ಅಂಥ ಎಳೆಯ ಯಂತ್ರಕ್ಕೆ ಪ್ಯಾನ್ ಆಮ್ 40 ವಿಮಾನಗಳ ಬೇಡಿಕೆಯನ್ನಿತ್ತು, ಇನ್ನೂ 120ನ್ನು ಕೊಳ್ಳುವ ಹಕ್ಕನ್ನು ಕಾದಿರಿಸಿಕೊಂಡಿತು. ಅನುಭವಿಯೊಬ್ಬನ ನೋಟಕ್ಕೆ ಇದಕ್ಕಿಂತ ದೊಡ್ಡ ಗೌರವವನ್ನು ನಾನರಿಯೆ.

ಯುದ್ಧವಿಮಾನಗಳನ್ನು ಕಟ್ಟಿ ಪಳಗಿದ ಮಾರ್ಸೆಲ್ ಡಸೋ ಅವರ ಶಿಲ್ಪಿಗಳು ಆ ವಿದ್ಯೆಯನ್ನೇ ಹಿಂದಕ್ಕೆ ಬಾಗಿದ ರೆಕ್ಕೆಗಳಲ್ಲಿ ಎರೆದು, ಎಂಟು ಹತ್ತು ಮಂದಿ ಕೂರುವ ಒಡಲಿನ ಹಿಂಬದಿಯಲ್ಲಿ ಎರಡು ಎಂಜಿನುಗಳನ್ನು ಜೋಡಿಸಿದ್ದರು. ಕೊಳ್ಳುವವರ ಇಚ್ಛೆಯಂತೆ ಮುಂದೆ ರೆಕ್ಕೆ ವಿಸ್ತಾರಗೊಂಡಿತು, ಚಕ್ರಗಳು ಜೋಡಿಯಾದುವು. ಮೊದಲಿನ ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನುಗಳ ಸ್ಥಾನಕ್ಕೆ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಸಿಎಫ್-700 ಬಂದಿತು. ಈ ಎಂಜಿನಿನ ರಚನೆ ವಿಲಕ್ಷಣವಾದದ್ದು: ಗಾಳಿಯನ್ನು ತಳ್ಳುವ ಫ್ಯಾನು ಮುಂಭಾಗದಲ್ಲಿರದೆ, ಹಿಂಭಾಗದಲ್ಲಿ, ಬಿಸಿಯನಿಲದಿಂದ ತಿರುಗುವ ಟರ್ಬೈನಿನ ಅಲಗುಗಳ ತುದಿಯಲ್ಲಿಯೇ ಬೆಳೆದುಕೊಂಡಿರುತ್ತದೆ. ಅಮೆರಿಕದಲ್ಲಿ ಈ ವಿಮಾನ ಫ್ಯಾನ್ ಜೆಟ್ ಫಾಲ್ಕನ್ ಎನಿಸಿಕೊಂಡಿತು. 1949ರ ಅಪಘಾತದಲ್ಲಿ ಮುಖವೇ ಜಜ್ಜಿಹೋಗಿ, ಅನೇಕ ಶಸ್ತ್ರಚಿಕಿತ್ಸೆಗಳ ಬಳಿಕವೂ ಹಾರಾಟವನ್ನು ಬಿಡದ ಧೀರೆ ಜಾಕ್ವೆಲಿನ್ ಓರಿಯೋಲ್ 1965ರಲ್ಲಿ ಇದೇ ವಿಮಾನದಲ್ಲಿ ವೇಗದ ದಾಖಲೆಯನ್ನು ಸ್ಥಾಪಿಸಿದರು.

ಧನಿಕರಿಗಾಗಿ ಹುಟ್ಟಿದ ಈ ವಿಮಾನ ಬಳಿಕ ಸಾಮಾನ್ಯರ ಸರಕನ್ನೂ ಹೊತ್ತಿತು. 1973ರ ಏಪ್ರಿಲ್ 17ರ ರಾತ್ರಿ ಫೆಡರಲ್ ಎಕ್ಸ್‌ಪ್ರೆಸ್ ಸಂಸ್ಥೆ ಮೆಂಫಿಸ್ಸಿನಿಂದ ಆರಂಭಿಸಿದ ಸೇವೆಯಲ್ಲಿ 14 ಫಾಲ್ಕನ್‌ಗಳು 186 ಪೊಟ್ಟಣಗಳನ್ನು 25 ನಗರಗಳಿಗೆ ಮುಟ್ಟಿಸಿದುವು. ಅವುಗಳಲ್ಲೊಂದು ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆಯೆಂಬುದು ಸಮಾಧಾನದ ಸಂಗತಿ.

ಆದರೆ ಸಂಗ್ರಹಾಲಯ ಎಂಜಿನನ್ನು ಉಳಿಸಬಲ್ಲುದೇ ಹೊರತು ಅದರ ಧ್ವನಿಯನ್ನಲ್ಲ. 1988ರವರೆಗೆ 500ಕ್ಕೂ ಮಿಕ್ಕು ನಿರ್ಮಾಣಗೊಂಡ ಈ ವಂಶದಲ್ಲಿ ಕೆಲವಕ್ಕೆ ಕಡಿಮೆ ಸದ್ದಿನ ಗ್ಯಾರೆಟ್ ಎಂಜಿನುಗಳು ಬಂದುವು; ಉಳಿದವುಗಳ ಗದ್ದಲವನ್ನು ಸಹಿಸದ ಅಮೆರಿಕದ ನಿಯಮ 2016ರಿಂದ ತನ್ನ ಮುಖ್ಯಭೂಮಿಯ ಆಕಾಶವನ್ನೇ ಅವುಗಳಿಗೆ ಮುಚ್ಚಿತು. ನಿದ್ರಿಸುವ ಜನರ ಹಕ್ಕು ನ್ಯಾಯವಾದದ್ದೇ. ಆದರೂ ವರ್ಷಕ್ಕೊಮ್ಮೆಯಾದರೂ, ವಿಮಾನಪ್ರದರ್ಶನದ ದಿನವೊಂದರಲ್ಲಿ, ಆ ಹಳೆಯ ಎಂಜಿನುಗಳೊಡನೆಯೇ ಒಂದು ಫಾಲ್ಕನ್ ಹಾರಲು ಅವಕಾಶವಿರಬಾರದೇ?