ಧೂಪಪಾತ್ರೆಯ ಮೇಲಣ ಎರಡು ಲಿಪಿಗಳು

ಚೀನಾ ದೇಶದ ಕಂಚಿನ ಧೂಪಪಾತ್ರೆಗಳಲ್ಲಿ ವಿಶಿಷ್ಟವಾದ ಬಗೆಯೊಂದುಂಟು. ಆಕಾರದಲ್ಲಿ ಅದು ಅಪ್ಪಟ ಚೀನೀಯ. ಸುಮಾರು 3000 ವರ್ಷಗಳ ಹಿಂದೆ ಪಿತೃಪೂಜೆಗೆಂದು ಎರಕ ಹೊಯ್ದ ಪಾತ್ರೆಗಳ ವಂಶಕ್ಕೆ ಸೇರಿದ್ದು. ಆದರೆ ಮೃಗಮುಖವೋ ಡ್ರ್ಯಾಗನ್ನೋ ಇರಬೇಕಾದ ಅದರ ಒಡಲಿನ ಮೇಲೆ, ಚೌಕಟ್ಟಿನೊಳಗೆ, ಅರಬ್ಬೀ ಅಕ್ಷರಗಳು ಉಬ್ಬಿ ನಿಂತಿವೆ. ದೇವನೊಬ್ಬನೇ, ಮುಹಮ್ಮದರು ಅವನ ಪ್ರವಾದಿ ಎಂಬ ನಂಬಿಕೆಯ ನುಡಿ ಅದು. ಪಾತ್ರೆಯನ್ನು ಬೋರಲು ಹಾಕಿದರೆ ತಳದಲ್ಲಿ ಚೀನೀ ಚಕ್ರವರ್ತಿಯೊಬ್ಬನ ಆಳ್ವಿಕೆಯ ಮುದ್ರೆ! ಒಂದೇ ಪಾತ್ರೆಗೆ ಎರಡು ಲಿಪಿಗಳೇಕೆ?

ಅರಬ್ಬೀ ಮತ್ತು ಪಾರಸಿ ವರ್ತಕರು ಟಾಂಗ್ ಅರಸರ ಕಾಲದಿಂದಲೇ ಚೀನಾದ ರೇವುಗಳಲ್ಲಿ ನೆಲೆಸಿದ್ದರು. ಚುವಾನ್‌ಜೌ ಪಟ್ಟಣದ ಮಸೀದಿಯು 1009–10ರಲ್ಲಿ ಸ್ಥಾಪಿತವಾಯಿತೆಂದು ಅಲ್ಲಿಯ ಅರಬ್ಬೀ ಶಾಸನ ಹೇಳುತ್ತದೆ. ಹಡಗುಗಳಲ್ಲಿ ಬಂದ ಸರಕುಗಳಲ್ಲಿ ಅರೇಬಿಯದ ಸುಗಂಧದ ಅಂಟು ಮುಖ್ಯವಾದುದು. ಅರಬ್ಬೀಯಲ್ಲಿ ಅದು ‘ಲುಬಾನ್’. ನಮ್ಮ ‘ಲೋಬಾನ’ ಎಂಬ ಮಾತೂ ಅಲ್ಲಿಂದಲೇ ಬಂದದ್ದು. ಚೀನೀಯರು ಅದನ್ನು ‘ಹಾಲಿನ ಪರಿಮಳ’ ಎಂದು ಕರೆದರು. ವರ್ತಕರ ಸಂತತಿ ಸ್ಥಳೀಯರೊಡನೆ ಬೆರೆತು ಚೀನೀ ಭಾಷೆಯನ್ನೇ ಮನೆಮಾತಾಗಿಸಿಕೊಂಡಿತು. ಇಂದು ಹುಯಿ ಎಂದು ಕರೆಯಲಾಗುವ ಜನರ ಪೂರ್ವಜರಲ್ಲಿ ಅವರೂ ಸೇರಿದ್ದಾರೆ.

ಧೂಪ ಹಾಕುವ ರೀತಿಯೂ ಚೀನೀಯವೇ. ಪಾತ್ರೆಯ ತುಂಬ ಬೂದಿ, ಬೂದಿಯೊಳಗೆ ಹುದುಗಿಸಿದ ಕೆಂಡ, ಮೇಲೊಂದು ಅಭ್ರಕದ ಬಿಲ್ಲೆ. ಅದರ ಮೇಲಿಟ್ಟ ಸುಗಂಧದ್ರವ್ಯ ಉರಿಯದೆ ಮೆಲ್ಲಗೆ ಕಾದು ಕಂಪು ಬೀರುತ್ತದೆ. ಜೊತೆಗೆ ದ್ರವ್ಯವಿಡಲು ಒಂದು ಭರಣಿ, ಚಮಚೆ ಕಡ್ಡಿಗಳಿಗೊಂದು ಹೂಜಿ. ಅನ್ಯರಿಗೆ ಧೂಪವು ದೇವತೆಗೆ ಸಲ್ಲುವ ಅರ್ಪಣೆ. ಈ ಮುಸಲ್ಮಾನರಿಗೆ ಕುರಾನ್ ಪಠಣದ ವೇಳೆಯ ಶುದ್ಧಿ, ಪರಿಮಳ.

ತಳದ ಮುದ್ರೆಯನ್ನು ನಂಬಿ ಕಾಲವನ್ನು ನಿರ್ಣಯಿಸುವಂತಿಲ್ಲ. ಶ್ವಾನ್‌ದೆ (1426–35) ಚಕ್ರವರ್ತಿಯ ಹೆಸರು ಕಂಚಿನ ಧೂಪಪಾತ್ರೆಗಳಿಗೆ ಪ್ರಸಿದ್ಧ. ಜೆಂಗ್‌ದೆಯ (1506–21) ಕಾಲದಲ್ಲಿ ಅರಬ್ಬೀ ಬರೆಹದ ನೀಲಿ-ಬಿಳಿ ಪಿಂಗಾಣಿ ತಯಾರಾಯಿತು. ಮುಂದಿನ ತಲೆಮಾರುಗಳು ಗೌರವದಿಂದ ಈ ಹೆಸರುಗಳನ್ನೇ ಒತ್ತಿದುವು. ಉಳಿದಿರುವ ಪಾತ್ರೆಗಳಲ್ಲಿ ಅನೇಕವು 17, 18ನೆಯ ಶತಮಾನಗಳವು.

ಬರೆಹವು ಇನ್ನೊಂದು ಸಂಗತಿಯನ್ನು ತಿಳಿಸುತ್ತದೆ. ಅರಬರು ಜೊಂಡಿನ ಲೇಖನಿಯಿಂದ ಬರೆದರೆ ಚೀನೀಯರದು ಕುಂಚ. ಆದ್ದರಿಂದ ಇಲ್ಲಿಯ ಗೆರೆಗಳು ಕುಂಚದ ಗೆರೆಗಳಂತೆ ಉಬ್ಬಿ, ಮೊನಚಾಗಿ ಮುಗಿಯುತ್ತವೆ. ಈ ಶೈಲಿಗೆ ‘ಸೀನೀ’, ಅಂದರೆ ಚೀನೀಯ, ಎಂದೇ ಹೆಸರು. ಕೆಲವು ಪಾತ್ರೆಗಳಲ್ಲಿ ಅಕ್ಷರಗಳು ತಪ್ಪಾಗಿ ಕೂಡಿವೆ. ಎರಕದವನು ಓದಲರಿಯದೆ ಆಕಾರವನ್ನಷ್ಟೇ ಅನುಕರಿಸಿದನೆಂಬುದಕ್ಕೆ ಅದೇ ಸಾಕ್ಷಿ.

ಈ ಜನ ಯಾರವರು ಎಂಬ ಸಂಶಯ ಅವರನ್ನು ಬಿಡದೆ ಕಾಡಿತು. 1856ರಿಂದ 1873ರವರೆಗೆ ಯುನ್ನಾನ್ ಪ್ರಾಂತದ ದಂಗೆಯಲ್ಲಿ ಅಸಂಖ್ಯರು ಮಡಿದರು. 1966ರಲ್ಲಿ ಆರಂಭವಾದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಮಸೀದಿಗಳು ಮುಚ್ಚಿದುವು. ಆ ಸಂಶಯಕ್ಕೆ ಉತ್ತರವನ್ನು ಹೆಸರರಿಯದ ಕಂಚುಗಾರರು ಎಂದೋ ಎರಕ ಹೊಯ್ದಿಟ್ಟಿದ್ದರು. ಒಡಲಿನ ಮೇಲೆ ದೇವರ ಹೆಸರು, ತಳದಲ್ಲಿ ನಾಡಿನ ದೊರೆಯ ಹೆಸರು. ಒಂದನ್ನು ಬರೆಯಲು ಇನ್ನೊಂದನ್ನು ಅಳಿಸಬೇಕಾದ ಅಗತ್ಯ ಅವರಿಗೆ ಕಾಣಲಿಲ್ಲ.